ವಿಳಾಸ ಪಡೆದ ಕಲ್ಲುಗಳು: ಬೆಂಜಮಿನ್ ಲೂಯಿಸ್ ರೈಸ್ ಮತ್ತು ಹರಿಹರದ ಶಾಸನಗಳು

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದನೆಂಬುದಕ್ಕೆ ಆಧಾರವಾದ ಶಾಸನವು ವಿದ್ವಾಂಸರ ಬರಹಗಳಲ್ಲಿ ದಾವಣಗೆರೆ 25 ಎಂಬ ಗುರುತಿನಿಂದ ಉಲ್ಲೇಖಗೊಳ್ಳುತ್ತ ಬಂದಿದೆ. ಕಲ್ಲು ಇರುವುದು ತುಂಗಭದ್ರೆಯ ದಡದ ಹರಿಹರದಲ್ಲಿ. ಗುರುತಿನಲ್ಲಿರುವುದು ದಾವಣಗೆರೆಯ ಹೆಸರು. ಶಾಸನಾಧ್ಯಯನಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗೆ ಇದು ತಪ್ಪೆಂದು ತೋರುವುದುಂಟು. ಇದು ತಪ್ಪಲ್ಲ. ಒಂದು ಕಾಲದ ಆಡಳಿತ ವಿಭಾಗವನ್ನು ಆಧರಿಸಿ ಒಬ್ಬ ವ್ಯಕ್ತಿ ಮೈಸೂರು ಸಂಸ್ಥಾನದ ಸಾವಿರಾರು ಕಲ್ಲುಗಳಿಗೆ ಕೊಟ್ಟ ವಿಳಾಸಗಳಲ್ಲಿ ಇದೂ ಒಂದು. ಆ ವ್ಯಕ್ತಿ ಬೆಂಜಮಿನ್ ಲೂಯಿಸ್ ರೈಸ್. ಕರ್ನಾಟಕದ ಶಾಸನಗಳ ಪಿತಾಮಹರೆಂದು ಅವರನ್ನು ಗೌರವಿಸುವ ವಾಡಿಕೆಯಿದೆ. ಆದರೆ ಅವರು ಶಾಸನಗಳನ್ನು ಸಂಗ್ರಹಿಸಿದರೆಂಬುದನ್ನು ಹೇಳಿದಷ್ಟು ವಿವರವಾಗಿ, ಸಂಗ್ರಹಿಸಿದ್ದು ಮತ್ತೆ ಕೈಗೆ ಸಿಗುವಂತೆ ಹೇಗೆ ಜೋಡಿಸಿದರೆಂಬುದನ್ನು ಚರ್ಚಿಸಿದ್ದು ಕಡಿಮೆ. ಶಾಸನ ಪಾಠಗಳು ಗಣಕಕ್ಕೆ ಏರುತ್ತಿರುವ ಈ ಹೊತ್ತಿನಲ್ಲಿ ಆ ಜೋಡಣೆಯ ಬಲ ಮತ್ತು ಮಿತಿ ಎರಡೂ ಹೊಸದಾಗಿ ಗೋಚರಿಸುತ್ತಿವೆ.

ರೈಸ್ ಅವರು ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿ. ಅದೇ ವರ್ಷ ಬೆಂಗಳೂರಿಗೆ ಬಂದು ಐವತ್ತು ವರ್ಷ ಅಲ್ಲಿಯೇ ದುಡಿದವರು. ಮನೆಯಲ್ಲಿ ಕನ್ನಡ ಕೇಳುತ್ತಲೇ ಬೆಳೆದ ಮಕ್ಕಳಲ್ಲಿ ಇಬ್ಬರು ಕನ್ನಡ ವಿದ್ವತ್ತಿನಲ್ಲಿ ಹೆಸರಾದರು. ಕಿರಿಯರಾದ ಎಡ್ವರ್ಡ್ ಪೀಟರ್ ರೈಸ್ ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆ ಇಂದಿಗೂ ಉಲ್ಲೇಖಾರ್ಹ ಗ್ರಂಥ, ಇ.ಪಿ. ರೈಸ್ ಮತ್ತು ಬಿ.ಎಲ್. ರೈಸ್ ಇಬ್ಬರನ್ನೂ ಒಬ್ಬರೆಂದೇ ತಿಳಿದು ಬರೆದ ಲೇಖನಗಳೂ ಇಲ್ಲದಿಲ್ಲ. ಇಂಗ್ಲೆಂಡಿನಲ್ಲಿ ಶಿಕ್ಷಣ ಮುಗಿಸಿದ ಹಿರಿಯ ರೈಸ್ 1860ರಲ್ಲಿ ಬೆಂಗಳೂರಿನ ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದರು. 1865ರಲ್ಲಿ ಶಾಲಾ ಇನ್‌ಸ್ಪೆಕ್ಟರ್, 1868ರಲ್ಲಿ ಜಾನ್ ಗ್ಯಾರೆಟ್ ಅವರ ಸ್ಥಾನದಲ್ಲಿ ಮೈಸೂರು ಹಾಗೂ ಕೊಡಗಿನ ವಿದ್ಯಾ ಇಲಾಖೆಯ ನಿರ್ದೇಶಕ: ಅವರ ಉದ್ಯೋಗ ಜೀವನದ ಮೊದಲರ್ಧ ಶಾಲೆಗಳ ತನಿಖೆಯಲ್ಲಿ ಕಳೆಯಿತು. ಹಳ್ಳಿಯಿಂದ ಹಳ್ಳಿಗೆ ತಿರುಗುವ ಈ ಕೆಲಸವೇ ಅವರಿಗೆ ಗುಡಿಯ ಅಂಗಳದ ಕಲ್ಲು, ಕೆರೆ ಏರಿಯ ಕಲ್ಲು, ಹೊಲದ ಬದುವಿನ ಕಲ್ಲುಗಳ ಪರಿಚಯ ಮಾಡಿಕೊಟ್ಟಿತು. ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಏಣಿಯಲ್ಲಿ ಯಾವುದನ್ನೂ ನೆನಪಿಡುವ ಇನ್‌ಸ್ಪೆಕ್ಟರನ ಅಭ್ಯಾಸ ಮುಂದೆ ಅವರ ಶಾಸನ ಸಂಪುಟಗಳ ಕಟ್ಟಡವಾಯಿತೆಂದು ಊಹಿಸಿದರೆ ತಪ್ಪಾಗಲಾರದು.

ಶಾಸನಗಳ ಕೆಲಸ ಅವರ ಪಾಲಿಗೆ ಬಂದದ್ದು ಛಾಯಾಚಿತ್ರಗಳ ಮೂಲಕ. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರ ಸುಮಾರಿಗೆ ಮೈಸೂರು ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಚಿತ್ರದುರ್ಗ, ಬಳ್ಳಿಗಾವೆ, ಹರಿಹರಗಳ ಕಲ್ಲುಗಳು ಅವುಗಳಲ್ಲಿ ಮುಖ್ಯವಾದವು. ಇವನ್ನು ಓದಿ ಅನುವಾದಿಸುವ ಹೊಣೆಯನ್ನು ಸರ್ಕಾರ ರೈಸ್ ಅವರಿಗೆ ಒಪ್ಪಿಸಿತು. ಆ ಶ್ರಮದ ಫಲ 1879ರಲ್ಲಿ ಪ್ರಕಟವಾದ ಮೈಸೂರ್ ಇನ್‌ಸ್ಕ್ರಿಪ್ಶನ್ಸ್. ಹೆಸರೇ ಸೂಚಿಸುವಂತೆ ಅದು ಸರ್ಕಾರದ ಉಪಯೋಗಕ್ಕೆ ಸಿದ್ಧವಾದ ಅನುವಾದಗಳ ಗ್ರಂಥ. ಶಾಸನದಲ್ಲಿ ಏನಿದೆಯೆಂಬುದು ಅದರಿಂದ ತಿಳಿಯುತ್ತದೆ. ಯಾವ ಪದದಿಂದ ಹಾಗೆ ಹೇಳಿದೆಯೆಂಬುದು ತಿಳಿಯುವುದಿಲ್ಲ. ಈ ಕೊರತೆ ಅವರಿಗೂ ಕಂಡಿರಬೇಕು. ಮುಂದಿನ ಸಂಪುಟಗಳಲ್ಲಿ ಅವರು ಅನುವಾದದ ಜೊತೆಗೆ ರೋಮನ್ ಲಿಪಿಯ ಪಾಠವನ್ನೂ ಕನ್ನಡ ಲಿಪಿಯ ಪಾಠವನ್ನೂ ತಪ್ಪದೆ ಕೊಟ್ಟರು.

ಇದೇ ಅವಧಿಯಲ್ಲಿ, 1876ರಿಂದ 1878ರವರೆಗೆ, ಮೈಸೂರು ಮತ್ತು ಕೊಡಗಿನ ಗೆಜೆಟಿಯರಿನ ಮೂರು ಸಂಪುಟಗಳನ್ನು ಅವರು ಹೊರತಂದರು. 1897ರಲ್ಲಿ ಮೈಸೂರಿನ ಭಾಗ ಎರಡು ಸಂಪುಟಗಳಲ್ಲಿ ಪರಿಷ್ಕೃತವಾಯಿತು. ಹರಿಹರದ ಬಗ್ಗೆ ಅವರು ಅಲ್ಲಿ ಸೇರಿಸಿದ ಟಿಪ್ಪಣಿ ಓದತಕ್ಕದ್ದು. ಕೂಡಲೂರೆಂಬ ಹಳೆಯ ಹೆಸರು, ಹರಿದ್ರಾ ಹೊಳೆ ತುಂಗಭದ್ರೆಯನ್ನು ಕೂಡುವ ನೆಲೆ, ಗುಹಾಸುರನ ಕಥೆ, ಪೋಲಾಳ್ವ ಕಟ್ಟಿಸಿದ ಗುಡಿ, 1268ರಲ್ಲಿ ಸೋಮನಾಥಪುರದ ಸ್ಥಾಪಕ ಸೋಮ ದಂಡನಾಯಕ ಮಾಡಿಸಿದ ಮಹಾದ್ವಾರ, 1868ರಲ್ಲಿ ಮುಗಿದ ತುಂಗಭದ್ರೆಯ ಸೇತುವೆ ಎಲ್ಲವೂ ಒಂದೆಡೆ ಬರುತ್ತವೆ. ಪುರಾಣ, ಶಾಸನ, ಸರ್ಕಾರಿ ದಾಖಲೆ ಮೂರನ್ನೂ ಒಂದೇ ಊರಿನ ಹೆಸರಿನ ಕೆಳಗೆ ಜೋಡಿಸುವುದು ಗೆಜೆಟಿಯರಿನ ರೀತಿ. ಶಾಸನ ಸಂಪುಟಗಳಲ್ಲಿಯೂ ಅವರು ಊರನ್ನೇ ಮೂಲ ಘಟಕವಾಗಿ ಹಿಡಿದರು.

1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿಯಾಗಿದ್ದುದನ್ನೂ 1884ರಲ್ಲಿ ಬಂದ ಸಿ.ಐ.ಇ. ಬಿರುದನ್ನೂ ಇಲ್ಲಿ ಹೆಸರಿಸಿದರೆ ಸಾಕು. ಪ್ರಾಚ್ಯ ಸಂಶೋಧನೆಯ ಕೆಲಸ ಮೊದಲು ಅವರ ಇತರ ಹೊಣೆಗಳ ಜೊತೆಗೆ ನಡೆಯಿತು. 1890ರಿಂದ ಅವರು ಪೂರ್ಣಾವಧಿಯಲ್ಲಿ ಪ್ರಾಕ್ತನ ಇಲಾಖೆಯ ನಿರ್ದೇಶಕರಾದರು. 1886ರ ಕೊಡಗಿನ ಸಂಪುಟದಿಂದ ಆರಂಭಿಸಿ ಮುಂದಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು ಹೊರಬಂದವು. ಅವುಗಳಲ್ಲಿ ಅಡಗಿರುವ ಶಾಸನಗಳ ಸಂಖ್ಯೆ 8869. ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟ 1903ರದು. ದಾವಣಗೆರೆ ಆಗ ಆ ಜಿಲ್ಲೆಯ ಒಂದು ತಾಲ್ಲೂಕು. ಹರಿಹರ ಆ ತಾಲ್ಲೂಕಿಗೆ ಸೇರಿದ ಪಟ್ಟಣ. ಉಚ್ಚಂಗಿಯ ಪಾಂಡ್ಯರು, ಹೊಯ್ಸಳರು, ಸೇವುಣರು, ವಿಜಯನಗರದ ಅರಸರು ಒಬ್ಬರ ನಂತರ ಒಬ್ಬರು ಈ ನೆಲದಲ್ಲಿ ದತ್ತಿ ಬಿಟ್ಟಿದ್ದರಿಂದ ದಾವಣಗೆರೆ ತಾಲ್ಲೂಕಿನ ಭಾಗವೇ ಈ ಸಂಪುಟದ ಸಮೃದ್ಧ ಭಾಗಗಳಲ್ಲೊಂದಾಗಿದೆ.

ರೈಸ್ ಅವರ ಜೋಡಣೆಯ ಕ್ರಮ ಸರಳ. ಜಿಲ್ಲಾವಾರು ಸಂಪುಟಗಳು, ತಾಲ್ಲೂಕಿಗೊಂದು ಹೆಸರಿನ ಸಂಕ್ಷೇಪ, ತಾಲ್ಲೂಕಿನೊಳಗೆ ಒಂದರಿಂದ ಮೊದಲಾಗುವ ಸಂಖ್ಯೆ. ಪ್ರತಿ ಪಾಠದ ತಲೆಯ ಮೇಲೆ ಊರಿನ ಹೆಸರು, ಆ ಊರಿನಲ್ಲಿ ಕಲ್ಲು ನಿಂತಿರುವ ಜಾಗ. ಅನುವಾದದಲ್ಲಿ ಕ್ರಿಸ್ತಶಕ ವರ್ಷ. ಕಾಲ ನಿಶ್ಚಿತವಲ್ಲದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ. ಸಂಪುಟದ ಆದಿಯಲ್ಲಿ ರಾಜವಂಶಗಳಿಗನುಗುಣವಾಗಿ ಕಾಲಾನುಕ್ರಮದ ಪಟ್ಟಿ, ಅಂತ್ಯದಲ್ಲಿ ಶಾಸನಗಳು ದೊರೆತ ಊರುಗಳ ಅಕಾರಾದಿ. ಹೀಗೆ ಒಂದೇ ಕಲ್ಲಿಗೆ ಮೂರು ಬಾಗಿಲುಗಳಿಂದ ಪ್ರವೇಶಿಸಬಹುದು: ಸಂಖ್ಯೆಯಿಂದ, ಕಾಲದಿಂದ, ಊರಿನಿಂದ. ಹರಿಹರದ ಓದುಗನು ಅಕಾರಾದಿಯಲ್ಲಿ ತನ್ನ ಊರನ್ನು ಹುಡುಕಿ ದಾವಣಗೆರೆಯ ಸಂಖ್ಯೆಗಳಿಗೆ ತಲಪುತ್ತಾನೆ. ಇಮ್ಮಡಿ ನರಸಿಂಹನನ್ನು ಅರಸುವವನು ಹೊಯ್ಸಳರ ಪಟ್ಟಿಯಿಂದ ಅಲ್ಲಿಗೇ ಬರುತ್ತಾನೆ. ಒಬ್ಬ ಅಧಿಕಾರಿ ಕೆಲವೇ ಪಂಡಿತರ ನೆರವಿನಿಂದ, ಟೈಪು ಜೋಡಿಸುವ ಮುದ್ರಣಾಲಯವನ್ನು ನಂಬಿ ಮಾಡಿದ ಈ ಏರ್ಪಾಡು ನೂರು ವರ್ಷ ಮೀರಿ ಬಾಳಿದೆಯೆಂಬುದನ್ನು ಮರೆಯಲಾಗದು.

ನಾಲ್ಕನೆಯ ಬಾಗಿಲೊಂದು ಇರಲಿಲ್ಲ. ಅದು ಪದದ ಬಾಗಿಲು. ಕಾಲ, ಊರು, ರಾಜವಂಶ ಇವೆಲ್ಲ ಕಲ್ಲಿಗೆ ಅಂಟಿದ ವಿವರಗಳೇ ಹೊರತು ಕಲ್ಲಿನ ಮೇಲಿನ ಒಂದೊಂದು ಪದಕ್ಕೆ ಅಂಟಿದವಲ್ಲ. ಇಡೀ ಶಾಸನಕ್ಕೆ ಒಂದೇ ಕಾಲ, ಒಂದೇ ಅರಸು, ಒಂದೇ ಲಿಪಿ ಎಂಬ ಗ್ರಹಿಕೆ ಬಹುಪಾಲು ಸರಿಯೇ. ಎಲ್ಲಿ ಅದು ಸಾಲದೆಂಬುದಕ್ಕೆ ರೈಸ್ ಅವರ ಅತ್ಯಂತ ಪ್ರಸಿದ್ಧ ಶೋಧವೇ ಸಾಕ್ಷಿ.

1892ರಲ್ಲಿ ಅವರು ಇದೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯರ ಆಳ್ವಿಕೆ ಕರ್ನಾಟಕದವರೆಗೆ ಚಾಚಿತ್ತೆಂಬುದು ಅದರಿಂದ ಸ್ಥಿರವಾಯಿತು. ಆ ಬರಹಗಳು ಬ್ರಾಹ್ಮಿಯವು. ಆದರೆ ಕೊನೆಯಲ್ಲಿ ಬರೆದವನಾದ ಚಪಡನ ಹೆಸರಿನ ಜೊತೆ ಅವನ ವೃತ್ತಿಯನ್ನು ಸೂಚಿಸುವ ಪದವು ವಾಯವ್ಯ ಭಾರತದ ಖರೋಷ್ಠಿಯಲ್ಲಿದೆ; ಬಲದಿಂದ ಎಡಕ್ಕೆ ಓದಬೇಕಾದ ಲಿಪಿಯದು. ಬ್ಯೂಲರ್ ಅವರು ಅದನ್ನು ಗುರುತಿಸಿದರು. ಲಿಪಿಕಾರನು ದೂರದ ಗಾಂಧಾರದ ಕಡೆಯಲ್ಲಿ ಅಕ್ಷರ ಕಲಿತವನೋ, ಆ ಲಿಪಿಯೂ ತನಗೆ ಗೊತ್ತೆಂದು ತೋರಿಸಿದವನೋ ಎಂಬ ಚರ್ಚೆಗೆಲ್ಲ ಆಧಾರ ಆ ಒಂದೇ ಪದ. ಶಾಸನದ ಲಿಪಿ ಬ್ರಾಹ್ಮಿ ಎಂದು ತಲೆಬರಹದಲ್ಲಿ ಬರೆದುಬಿಟ್ಟರೆ ಅದು ಕಣ್ಮರೆಯಾಗುತ್ತದೆ. ಲಿಪಿಯ ಗುರುತು ಪದದ ಬಳಿಯೇ ಇರಬೇಕು.

ಹರಿಹರದ ಕಲ್ಲುಗಳಲ್ಲಿ ಇಂತಹ ಸಂದರ್ಭಗಳು ಇಷ್ಟು ನಾಟಕೀಯವಲ್ಲ, ಆದರೆ ಹೆಚ್ಚು ಸಾಮಾನ್ಯ. ಹೊಯ್ಸಳ ಶಾಸನಗಳ ವಾಡಿಕೆಯಂತೆ ಆಳುವ ಅರಸನನ್ನು ಹೇಳುವ ಮೊದಲು ವಂಶಾವಳಿ ಬರುತ್ತದೆ. ಇಮ್ಮಡಿ ನರಸಿಂಹನ ಕಾಲದ ಒಂದು ಶಾಸನದಲ್ಲಿ ವಿಷ್ಣುವರ್ಧನನ ಹೆಸರಿದ್ದರೆ ಅದು ತಾತ ಮುತ್ತಾತಂದಿರ ಸ್ತುತಿಯಲ್ಲಿರುವ ಹೆಸರು. ಕಲ್ಲಿನ ವರ್ಷವನ್ನು ಆ ಪದಕ್ಕೂ ಅನ್ವಯಿಸಿದರೆ ವಿಷ್ಣುವರ್ಧನನು ಹದಿಮೂರನೆಯ ಶತಮಾನದಲ್ಲಿ ಆಳಿದಂತಾಗುತ್ತದೆ! ಪೋಲಾಳ್ವನ ವಿಷಯವೂ ಗಮನಾರ್ಹ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅವನು ಹರಿಚಾರಿತ್ರವೆಂಬ ಕೃತಿಯ ಕರ್ತೃ; ಕೃತಿ ಉಳಿದಿಲ್ಲ. ಅವನಿಗೆ ಕವಿಯೆಂಬ ಸ್ಥಾನ ದೊರೆತದ್ದು ಶಾಸನದ ಬಲದಿಂದ. ಹರಿ ಎಂಬುದು ದೇವರ ಹೆಸರಾಗಿ ಮೇಲಿಂದ ಮೇಲೆ ಬರುವ ಹರಿಹರದ ಶಾಸನರಾಶಿಯಲ್ಲಿ ಒಂದು ಕಡೆ ಮಾತ್ರ ಅದು ಗ್ರಂಥನಾಮದ ಭಾಗವೆಂದು ಗುರುತಿಸಿದ್ದು ಓದುಗನ ವಿವೇಕ. ಆ ವಿವೇಕ ಸಂಪುಟದ ಯಾವ ಪಟ್ಟಿಯಲ್ಲೂ ದಾಖಲಾಗಿರಲಿಲ್ಲ. ಹಾಳೆ ಮಗುಚಿ ಓದಿದವರಿಗಷ್ಟೇ ದೊರೆಯಿತು.

ಮತ್ತರು ಎಂಬ ಭೂಮಾನದ ಪದ ಇನ್ನೊಂದು ನಿದರ್ಶನ. ಅಳತೆಯ ಕೋಲು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬೇರೆಯಾಗಿದ್ದುದರಿಂದ ಎರಡು ಶಾಸನಗಳ ಮತ್ತರನ್ನು ಕೂಡಿಸಿ ಲೆಕ್ಕ ಹಾಕುವಂತಿಲ್ಲ. ಹರಿಹರದ 1410ರ ಶಾಸನದಲ್ಲಿ ಹರಿದ್ರಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಮತ್ತು ಆ ನೀರು ಹರಿಯುವ ಭೂಮಿಯನ್ನು ದೇವರಿಗೂ ಬ್ರಾಹ್ಮಣರಿಗೂ ಹಂಚಿದ ಒಪ್ಪಂದದ ವಿವರವಿದೆ. ಕಟ್ಟೆ ಒಡೆದು ಮತ್ತೆ ಕಟ್ಟಿಸಿದ್ದನ್ನು 1424ರ ಶಾಸನ ತಿಳಿಸುತ್ತದೆ. ಹದಿನಾಲ್ಕು ವರ್ಷಗಳ ಅಂತರದ ಈ ಎರಡು ಕಲ್ಲುಗಳನ್ನು ಒಟ್ಟಿಗೆ ಓದಬೇಕೆಂಬುದು ಊರಿನ ಹೆಸರಿನಿಂದ ತಿಳಿಯುತ್ತದೆ, ಏಕೆಂದರೆ ರೈಸ್ ಅವರು ಒಂದೂರಿನ ಶಾಸನಗಳನ್ನು ಹತ್ತಿರ ಹತ್ತಿರ ಇಟ್ಟಿದ್ದಾರೆ. ಆದರೆ ನೀರಾವರಿಗೆ ಸಂಬಂಧಿಸಿದ ಪದಗಳನ್ನು ಹನ್ನೆರಡು ಸಂಪುಟಗಳಲ್ಲೂ ಅರಸಬೇಕೆಂದರೆ ಸಂಶೋಧಕನು ಚೀಟಿ ಬರೆಯುತ್ತ ಕೂರುವುದೊಂದೇ ದಾರಿಯಾಗಿತ್ತು. ಎರಡು ತಲೆಮಾರಿನ ಕನ್ನಡ ಸಂಶೋಧಕರು ಹಾಗೆಯೇ ಕೂತರು.

ಪದಕ್ಕೆ ಪದದ ಬಳಿಯೇ ಸಾಕ್ಷ್ಯವನ್ನು ಕಟ್ಟುವ ಕೆಲಸವನ್ನು ಅದೇ ಕಾಲದಲ್ಲಿ ಬೇರೊಬ್ಬರು ಮಾಡುತ್ತಿದ್ದರು. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಪದದ ಎದುರಿಗೆ ಅರ್ಥ ಮಾತ್ರವಲ್ಲ, ಆ ಪದ ದೊರೆತ ಗ್ರಂಥದ ಸಂಕ್ಷೇಪ, ವ್ಯಾಕರಣದ ವರ್ಗ, ತದ್ಭವವಾದರೆ ಮೂಲ, ಸೋದರ ಭಾಷೆಗಳ ರೂಪ ಇವೆಲ್ಲ ನಿಲ್ಲುತ್ತವೆ. ರೈಸ್ ಕಲ್ಲಿಗೆ ವಿಳಾಸ ಕೊಟ್ಟರು, ಕಿಟೆಲ್ ಪದಕ್ಕೆ ಕೊಟ್ಟರು. ಎರಡೂ ಸೇರಿದ್ದು ಬಹಳ ತಡವಾಗಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನಲ್ಲಿ. ಅದು ಕಾವ್ಯಪ್ರಯೋಗಗಳ ಜೊತೆ ಶಾಸನಪ್ರಯೋಗಗಳನ್ನೂ ಆಕರದ ಗುರುತಿನೊಡನೆ ಉದಾಹರಿಸಿತು. ರೈಸ್ ಅವರ ಸಂಖ್ಯೆಗಳು ಇಲ್ಲದಿದ್ದರೆ ಆ ಗುರುತುಗಳನ್ನು ನೀಡುವುದು ಸುಲಭವಾಗುತ್ತಿರಲಿಲ್ಲ.

ರೈಸ್ ಅವರು ಕಲ್ಲಿನ ಮಟ್ಟದಲ್ಲೇ ನಿಂತದ್ದಕ್ಕೆ ಕಾರಣವಿತ್ತು. ಶಾಸನಗಳು ನಾಶವಾಗುತ್ತಿದ್ದವು, ಗೋಡೆಗೆ, ಸೇತುವೆಗೆ, ಒಗೆಯುವ ಬಂಡೆಗೆ ಕಲ್ಲುಗಳು ಹೋಗುತ್ತಿದ್ದವು. ನಿಖರತೆಗಾಗಿ ತಡಮಾಡುವುದಕ್ಕಿಂತ ವ್ಯಾಪ್ತಿಯನ್ನು ಅವರು ಆಯ್ದುಕೊಂಡರು. ಅದರ ಬೆಲೆಯನ್ನೂ ತೆತ್ತರು. ಗಂಗರ ತಾಮ್ರಪಟಗಳ ಪ್ರಾಮಾಣ್ಯದ ಬಗ್ಗೆ ಜೆ.ಎಫ್. ಫ್ಲೀಟ್ ಅವರೊಡನೆ ನಡೆದ ದೀರ್ಘ ವಾದ ಇದಕ್ಕೆ ನಿದರ್ಶನ. ಫ್ಲೀಟ್ ಅವರು ಅವುಗಳಲ್ಲಿ ಹಲವನ್ನು ಕೂಟವೆಂದು ತಳ್ಳಿಹಾಕಿದರು; ರೈಸ್ ಸಮರ್ಥಿಸಿದರು. ಹಲವು ಪಟಗಳ ವಿಷಯದಲ್ಲಿ ಫ್ಲೀಟರ ಸಂಶಯ ನ್ಯಾಯವಾದದ್ದೇ. ಶಾಸನದ ತಲೆಯ ಮೇಲಿನ ವರ್ಷ ಒಂದು ತೀರ್ಮಾನ, ಕಲ್ಲಿನಷ್ಟೇ ಗಟ್ಟಿಯಾದ ವಸ್ತುವಲ್ಲವೆಂಬುದನ್ನು ಈ ವಾದ ನೆನಪಿಸುತ್ತದೆ. ರೈಸರ ಪ್ರಶ್ನಾರ್ಥಕ ಚಿಹ್ನೆಗಳನ್ನು ಕೈಬಿಟ್ಟು ವರ್ಷವನ್ನಷ್ಟೇ ಎತ್ತಿಕೊಂಡ ಲೇಖನಗಳಿಂದ ಆದ ಹಾನಿಗೆ ಹೊಣೆ ಅವರಲ್ಲ.

ಈಗಿನ ಗಣಕ ಶೋಧಕ್ಕೆ ಬರುವುದಾದರೆ, ಪೂರ್ಣಪಠ್ಯವನ್ನು ಹುಡುಕುವ ತಂತ್ರಾಂಶವು ರೈಸರಲ್ಲಿ ಇಲ್ಲದ ಆ ನಾಲ್ಕನೆಯ ಬಾಗಿಲನ್ನು ತೆರೆಯುತ್ತದೆ. ಪ್ರತಿ ಪದಕ್ಕೂ ಅದು ಒಂದು ಸೂಚಿ ಸಿದ್ಧಪಡಿಸುತ್ತದೆ: ಪದ ಯಾವ ಯಾವ ಪಾಠಗಳಲ್ಲಿದೆ, ಎಷ್ಟು ಬಾರಿ, ಎಷ್ಟನೆಯ ಸ್ಥಾನದಲ್ಲಿ. ಇದು ನಮ್ಮ ಹಳಗನ್ನಡ ಕಾವ್ಯಗಳ ಸಂಪಾದಕರು ಗ್ರಂಥದ ಕೊನೆಗೆ ಕೊಡುತ್ತಿದ್ದ ಪದಸೂಚಿಯದೇ ವಿಸ್ತಾರ. ಆದರೆ ಸೂಚಿಯಲ್ಲಿ ಇಷ್ಟೇ ಇದ್ದರೆ ವಂಶಾವಳಿಯ ವಿಷ್ಣುವರ್ಧನನೂ ಆಳುತ್ತಿದ್ದ ವಿಷ್ಣುವರ್ಧನನೂ ಒಂದೇ ಪದ. ಲೂಸೀನ್‌ನಂತಹ ಶೋಧ ತಂತ್ರಾಂಶಗಳಲ್ಲಿ ಪದದ ಪ್ರತಿ ಸ್ಥಾನಕ್ಕೂ ಪೇಲೋಡ್ ಎಂಬ ಒಂದು ಸಣ್ಣ ಬುತ್ತಿಯನ್ನು ಕಟ್ಟಿಡಲು ಅವಕಾಶವಿದೆ: ಇದು ಅರಸನ ಹೆಸರು, ಇದು ಸ್ತುತಿಯ ಭಾಗ, ಇದು ಸಂಪಾದಕರು ಊಹಿಸಿ ತುಂಬಿದ ಅಕ್ಷರ ಎಂಬಂತೆ. ಸಾಮಾನ್ಯ ಹುಡುಕಾಟ ಆ ಬುತ್ತಿಯನ್ನು ಬಿಚ್ಚುವುದಿಲ್ಲ. ಅದನ್ನು ತೆರೆದು ನೋಡಿ ಫಲಿತಾಂಶಗಳಿಗೆ ಹೆಚ್ಚು ಕಡಿಮೆ ಅಂಕ ಕೊಡುವಂತೆ ಪ್ರಶ್ನೆಯನ್ನೇ ಬೇರೆಯಾಗಿ ರಚಿಸಬೇಕಾಗುತ್ತದೆ. ಬುತ್ತಿಯಲ್ಲಿ ಏನನ್ನು ಕಟ್ಟಬೇಕೆಂದು ತಂತ್ರಜ್ಞ ಹೇಳಲಾರ. ಅದು ಶಾಸನ ಓದಬಲ್ಲವರ ಕೆಲಸ.

ಕಾಗುಣಿತದ ಒಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. ರೈಸರ ಕನ್ನಡ ಪಾಠಗಳು ಱ, ೞ ಅಕ್ಷರಗಳನ್ನು ಉಳಿಸಿಕೊಂಡಿವೆ. ಆಱು, ಏೞು ಎಂದಿರುವುದನ್ನು ಇಂದಿನ ಓದುಗನು ಆರು, ಏಳು ಎಂದೇ ಹುಡುಕುವನು. ಆದ್ದರಿಂದ ಶೋಧದ ಅನುಕೂಲಕ್ಕಾಗಿ ಎರಡನ್ನೂ ಒಂದು ರೂಪಕ್ಕೆ ಇಳಿಸುವುದು ರೂಢಿ. ಹಾಗೆ ಇಳಿಸಿದ ಕೂಡಲೇ ಕಾಲನಿರ್ಣಯಕ್ಕೆ ನೆರವಾಗುವ ಒಂದು ಸಾಕ್ಷ್ಯ ಅಳಿಯುತ್ತದೆ. ೞಕಾರ ಎಲ್ಲಿ ಳಕಾರವಾಗಿದೆ, ಎಲ್ಲಿ ಅಭ್ಯಾಸಬಲದಿಂದ ತಪ್ಪು ಜಾಗದಲ್ಲಿ ನಿಂತಿದೆ ಎಂಬುದು ಭಾಷಾಚರಿತ್ರೆಯ ಮೂಲದ್ರವ್ಯ. ಹುಡುಕಲು ಒಂದು ರೂಪ, ತೋರಿಸಲು ಕಲ್ಲಿನ ರೂಪ, ಎರಡೂ ಒಂದೇ ಸ್ಥಾನದಲ್ಲಿ ಉಳಿಯಬೇಕು. ಕಲ್ಲು ಸವೆದ ಕಡೆಯ ಚುಕ್ಕೆಗಳೂ ಕಂಸಗಳೂ ಹೀಗೆಯೇ. ಪಾಠವನ್ನು ಗಣಕಕ್ಕೆ ಏರಿಸುವಾಗ ಮೊದಲು ಉದುರುವುದು ಇವೇ.

1906ರಲ್ಲಿ ರೈಸ್ ನಿವೃತ್ತರಾದರು. ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಇಲಾಖೆಯ ಹೊಣೆ ಹೊತ್ತರು. ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಮರುವರ್ಷವೇ ಪ್ರಕಟವಾದದ್ದು ಆಕಸ್ಮಿಕವಲ್ಲ. ರೈಸ್ ಅವರೇ 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣಕ್ಕೆ ಬರೆದ ಪ್ರಸ್ತಾವನೆಯಲ್ಲಿ ಕನ್ನಡ ಕವಿಗಳ ಕಾಲಕ್ರಮವನ್ನು ಜೋಡಿಸಲು ಯತ್ನಿಸಿದ್ದರು. ಪಂಪ ರಾಮಾಯಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪ ಭಾರತ, ಕವಿರಾಜಮಾರ್ಗಗಳನ್ನು ಬಿಬ್ಲಿಯೊಥೆಕಾ ಕರ್ನಾಟಿಕ ಮಾಲೆಯಲ್ಲಿ ಹೊರತಂದದ್ದೂ ಅವರೇ. ಶಾಸನ ಸಂಪಾದಕರೆಂಬ ಖ್ಯಾತಿಯಲ್ಲಿ ಈ ಗ್ರಂಥಸಂಪಾದನೆ ಮರೆಯಾಗಿರುವುದು ಸರಿಯಲ್ಲ. ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದ ಮೇಲೆ 1909ರಲ್ಲಿ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಶಾಸನಗಳಿಂದಲೇ ನಿರೂಪಿಸುವ ಗ್ರಂಥವನ್ನೂ 1914ರಲ್ಲಿ ಕೊಡಗಿನ ಸಂಪುಟದ ಪರಿಷ್ಕೃತ ಆವೃತ್ತಿಯನ್ನೂ ಪ್ರಕಟಿಸಿದರು. ತೊಂಬತ್ತು ವರ್ಷ ತುಂಬಲು ಒಂದು ವಾರವಿರುವಾಗ, 1927ರ ಜುಲೈ 10ರಂದು, ಅಲ್ಲಿಯೇ ತೀರಿಕೊಂಡರು.

ಅವರು ಆಧಾರವಾಗಿಟ್ಟುಕೊಂಡ ತಾಲ್ಲೂಕುಗಳ ಗಡಿ ಅವರ ನಂತರ ನಿಲ್ಲಲಿಲ್ಲ. ಹರಿಹರ ತಾನೇ ತಾಲ್ಲೂಕಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿಗಳೂ ಬಳ್ಳಾರಿಯಿಂದ ಹರಪನಹಳ್ಳಿಯೂ ಬಂದು ಸೇರಿದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಇಂದು ದಾವಣಗೆರೆ ಜಿಲ್ಲೆಯ ಶಾಸನಗಳನ್ನು ಅಭ್ಯಸಿಸುವವರು ಹನ್ನೊಂದನೆಯ ಸಂಪುಟದ ಜೊತೆಗೆ ಶಿವಮೊಗ್ಗದ ಏಳನೆಯ ಸಂಪುಟವನ್ನೂ ತೆರೆಯಬೇಕು. ಮದರಾಸು ಪ್ರಾಂತಕ್ಕೆ ಸೇರಿದ್ದ ಹರಪನಹಳ್ಳಿಯ ಶಾಸನಗಳಿಗಾಗಿ, ಊರಿನ ಬದಲು ರಾಜವಂಶದ ಕ್ರಮದಲ್ಲಿ ಜೋಡಿಸಿದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್‌ನ ಒಂಬತ್ತನೆಯ ಸಂಪುಟವನ್ನು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತರತೊಡಗಿದ ಪರಿಷ್ಕೃತ ಸಂಪುಟಗಳಲ್ಲಿ ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದಿವೆ. ಹಳೆಯ ಸಂಖ್ಯೆಗಳು ಆದರೂ ಹೋಗಿಲ್ಲ. ನೂರು ವರ್ಷಗಳ ಪ್ರಬಂಧಗಳೆಲ್ಲ ಅವುಗಳಲ್ಲೇ ಮಾತನಾಡಿರುವುದರಿಂದ, ಹರಿಹರದ ಗುಡಿಯಂಗಳದ ಕಲ್ಲನ್ನು ಹೊಸ ಗಣಕ ಭಂಡಾರಕ್ಕೆ ಸೇರಿಸುವವರು ಅದರ ಹೊಸ ಸಂಖ್ಯೆಯ ಪಕ್ಕದಲ್ಲಿ ದಾವಣಗೆರೆ 25 ಎಂಬುದನ್ನೂ ಬರೆದಿಡಬೇಕಾಗುತ್ತದೆ.